ಬಾವಲಿ ಬಿಟ್ಟ ಕಾಯಿ

ಕೋಣಂದೂರು
9 ನವೆಂಬರ್ 2025

ಪುಟ್ಟಪ್ಪಜ್ಜನಿಗೆ ನಮಸ್ಕಾರ.

ನೀವು ನನ್ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿದೀನಿ. ದಸರಾ ರಜೆಯಲ್ಲಿ ನಾವು ಮನೆಯವರೆಲ್ಲ ಹೊಸ ಸೇತುವೆ ನೋಡೋಕೆ ತುಮರಿ ಕಡೆ ಬಂದಿದ್ವಿ. ಆಮೇಲೆ ಹಿನ್ನೀರಿನ ದಡದಲ್ಲಿ ಕೆರಿಯಮ್ಮನ ಅಂಗಡಿ ಹತ್ರ ಟೀ ಕುಡೀತಿದ್ದಾಗ ನಿಮ್ಮ ದೋಣಿ ಬಂತು. ಸದ್ದು ಡೀಸೆಲ್ ಇಂಜಿನ್ನಿನದ್ದೇ. ಆದ್ರೆ ಹೊಗೆ ಡೀಸೆಲ್ ವಾಸನೆ ಅಲ್ಲ. ದೇವರ ಮನೆಯಲ್ಲಿ ದೀಪ ಶಾಂತ ಆದಾಗ ಬರತ್ತಲ್ಲ, ಆ ವಾಸನೆ! ನಾನು ಟೀ ಲೋಟ ಹಿಡ್ಕೊಂಡು ನೀರಿನ ತನಕ ಓಡಿ ಬಂದೆ. ಅಷ್ಟರಲ್ಲಿ ನೀವು ಮಕ್ಕಳನ್ನ ಹತ್ತಿಸ್ಕೊಂಡು ಹೊರಟಾಗಿತ್ತು.

ಕೆರಿಯಮ್ಮ ಹೇಳಿದ್ರು, "ಅದು ಪುಟ್ಟಪ್ಪನ ದೋಣಿ ಮಾರಾಯ್ತಿ. ಹೊನ್ನೆ ಎಣ್ಣೇಲಿ ಓಡ್ತದೆ. ಅವ್ನ ಹತ್ರ ಫೋನಿಲ್ಲ, ಅಲ್ಲಿ ನೆಟ್‌ವರ್ಕೂ ಇಲ್ಲ. ಬೇಕಾದ್ರೆ ಕಾಗದ ಬರಿ, ನನ್ನ ಅಂಗಡಿಗೆ ಬಂದ್ರೆ ದಾಟಿಸ್ತೀನಿ." ಅದಕ್ಕೇ ಈ ಕಾಗದ. ಜೀವನದಲ್ಲಿ ಮೊದಲನೇದು. ರಜಾ ಅರ್ಜಿ ಬಿಟ್ರೆ.

ನಾನು ತೀರ್ಥಹಳ್ಳಿಯಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷ. ನಮ್ಮದೊಂದು ವಾಟ್ಸಾಪ್ ಗುಂಪಿದೆ, "ಎಣ್ಣೆ ಪಾರ್ಟಿ" ಅಂತ ಹೆಸರು. (ಬೈಬೇಡಿ, ಗಾಡಿ ಕುಡಿಯೋ ಎಣ್ಣೆ.) ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ಇನ್ನೂರ ನಲವತ್ತು ಜನ ಇದೀವಿ. ಇಕ್ಕೇರಿಯ ಮಹಾಗಣಪತಿ ಅಣ್ಣ ಅಡ್ಮಿನ್. ಪೆಟ್ರೋಲಿಗೆ ಎಥನಾಲ್ ಬೆರೆಸ್ತಾರಲ್ಲ, ಅದರಿಂದ ಬೈಕಿನ ಮೈಲೇಜ್ ಬಿತ್ತು ಅಂತ ಅರ್ಧ ಜನ, ಬಿದ್ದಿಲ್ಲ ಅಂತ ಅರ್ಧ ಜನ. ಕಬ್ಬಿಂದ ಮಾಡಿದ್ರೆ ನೀರೆಲ್ಲಿ, ಜೋಳದಿಂದ ಮಾಡಿದ್ರೆ ಕೋಳಿಗೆ ಏನು ಹಾಕೋದು ಅಂತ ಬೆಳಗಿಂದ ಜಗಳ. ಆದ್ರೆ ಒಬ್ಬರೂ ಕೈಯಾರೆ ಏನೂ ಓಡಿಸಿಲ್ಲ. ನೀವು ಓಡಿಸ್ತಿದೀರ!

ನನಗೆ ಒಂದೊಂದ್ಸಲ ಹೆದರಿಕೆ ಆಗತ್ತೆ ಅಜ್ಜ. ನಮ್ಮಪ್ಪ ಗೂಡ್ಸ್ ಆಟೋ ಓಡಿಸ್ತಾರೆ. ಎಲ್ಲೋ ದೂರದ ದೇಶದಲ್ಲಿ ಯುದ್ಧ ಅಂದ್ರೆ ಡೀಸೆಲ್ ರೇಟ್ ಏರತ್ತೆ ಅಂತ ನಮ್ಮ ಮನೇಲಿ ಅಪ್ಪ ಟಿವಿ ಮುಂದೆ ಕೂತು ಉಗುರು ಕಚ್ತಾರೆ. ಹಂಗಿರುವಾಗ ನಮ್ಮ ಮರದ ಕಾಯಲ್ಲೇ ಇಂಜಿನ್ ಓಡತ್ತೆ ಅಂದ್ರೆ ಎಷ್ಟು ದೊಡ್ಡ ವಿಷ್ಯ!

ಪ್ರಶ್ನೆಗಳು. ಒಂದು, ಡೀಸೆಲ್ ಎಷ್ಟು, ಎಣ್ಣೆ ಎಷ್ಟು? ಎರಡು, ಫಿಲ್ಟರ್ ಕಟ್ಟಲ್ವಾ? ಮೂರು, ಕಾಯಿ ಎಲ್ಲಿಂದ?

ಕಾಗದದಲ್ಲಿ ನೀಲಿ ಟಿಕ್ ಬರಲ್ಲ. ಸಿಕ್ಕಿತು ಅಂತ ಒಂದು ಸಾಲಾದ್ರೂ ಬರೀರಿ.

ನಿಮ್ಮ ಅಭಿಮಾನಿ (ನಿಜವಾಗ್ಲೂ),
ಸುಪ್ರಿಯಾ


ಕಡವಿನದಿಂಬ
28 ನವೆಂಬರ್ 2025

ಸುಪ್ರಿಯಾಗೆ ಪುಟ್ಟಪ್ಪನ ಆಶೀರ್ವಾದ.

(ಬರೀತಿರೋದು ನಾನು, ಮೊಮ್ಮಗಳು ಶ್ರಾವ್ಯಾ. ಅಜ್ಜನಿಗೆ ಬರೆಯೋಕೆ ಕೂತ್ರೆ ಕೈ ನಡುಗತ್ತೆ. ಇಂಜಿನ್ ಬಿಚ್ಚೋವಾಗ ನಡುಗಲ್ಲ.)

ತಂಗಿ, ನಿನ್ನ ಕಾಗದ ಬಂತು. ಅಭಿಮಾನಿ ಅಂದ್ರೆ ಎಂತದು ಅಂತ ಕೇಳ್ದೆ. ಸಿನಿಮಾದವರಿಗೆ ಇರ್ತಾರಲ್ಲ ಅದು ಅಂದ್ಲು ಇವಳು. ಹಂಗಾದ್ರೆ ನಾನು ಗಡ್ಡ ತೆಗೀಬೇಕಾ ಅಂದೆ.

ನಮ್ಮದು ಹನ್ನೊಂದು ಮನೆ. ಮೂರು ಕಡೆ ನೀರು, ಹಿಂದೆ ಕಾಡು. ಸೇತುವೆ ಆಗಿದ್ದು ಒಳ್ಳೇದೇ, ಆದ್ರೆ ನಮ್ಮ ದಿಂಬದ ಗುಡ್ಡಕ್ಕೆ ಅದು ಮುಟ್ಟಲ್ಲ. ಇದೊಂದೇ ದೋಣಿ. ಆರು ಮಕ್ಕಳು ಇದರಲ್ಲೇ ಶಾಲೆಗೆ ಹೋಗೋದು. ಡೀಸೆಲ್ ಬಂಕ್ ದೂರ, ಹೋದ್ರೂ ಕ್ಯಾನಿಗೆ ಹಾಕಲ್ಲ ಅಂತಾರೆ. ಯಾರದಾದ್ರೂ ಗಾಡಿ ಟ್ಯಾಂಕಿಂದ ಚೂರು ಇಳಿಸ್ಕೊಂಡ್ರೆ ಅಷ್ಟೇ. ಮೂರು ಪಾಲು ಹೊನ್ನೆ ಎಣ್ಣೆ, ಒಂದು ಪಾಲು ಡೀಸೆಲ್. ಡೀಸೆಲ್ಲಲ್ಲಿ ಶುರು ಮಾಡ್ಬೇಕು, ಇಂಜಿನ್ ಕಾದ ಮೇಲೆ ಎಣ್ಣೆಗೆ ತಿರುಗಿಸ್ಬೇಕು, ನಿಲ್ಲಿಸೋ ಮುಂಚೆ ಮತ್ತೆ ಡೀಸೆಲ್ ಕುಡಿಸ್ಬೇಕು. ಬಾಯಿ ತೊಳೆಸಿದ ಹಂಗೆ. ಹಳೇ ಪಂಚೆ ಎರಡು ಮಡಿಕೆ ಮಾಡಿ ಸೋಸಿದ್ರೆ ಫಿಲ್ಟರ್ ಕಟ್ಟಲ್ಲ.

ಕೆರಿಯಮ್ಮನ ಅಂಗಡಿ ಹಿಂದೆ ದಡದುದ್ದಕ್ಕೂ ಹೊನ್ನೆ ಮರ ಇದಾವೆ, ಇಪ್ಪತ್ತೆರಡು. ಮಾಗಿ ಚಳೀಲಿ ಕಾಯಿ ಹಣ್ಣಾಗ್ತವೆ. ನಮ್ಮಪ್ಪ ಹೇಳಿದ್ದು ಒಂದೇ ಮಾತು. ಮರ ಹತ್ತಬಾರ್ದು, ಬಡೀಬಾರ್ದು, ಅಲ್ಲಾಡಿಸ್ಬಾರ್ದು. ಬಾವಲಿ ತಿಂದು ಬಿಟ್ಟ ಕಾಯಿ ಮಾತ್ರ ನಮ್ಮದು. ಮರದ ಮೇಲಿದ್ದದ್ದು ಅದರದ್ದು. ಯಾಕೆ ಅಂತ ಅಪ್ಪ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬೆಳಿಗ್ಗೆ ಬುಟ್ಟಿ ಹಿಡ್ಕೊಂಡು ಹೋಗೋದು, ಬಿದ್ದದ್ದು ಆರಿಸೋದು. ವರ್ಷಕ್ಕೆ ಹದಿನೈದು ಡಬ್ಬ ಎಣ್ಣೆ ಆಗ್ತದೆ. ಗಾಣದವನಿಗೆ ಕೂಲಿ ಬದ್ಲು ಹಿಂಡಿ ಬಿಡ್ತೀವಿ.

ಇಷ್ಟೇ. ನಿನ್ನ ಗುಂಪಿನವರು ಜಗಳ ಆಡ್ಬೇಡಿ ಅಂತ ಹೇಳು.

ಇಂತಿ,
ಪುಟ್ಟಪ್ಪ

(ಸುಪ್ರಿಯಕ್ಕ, ಇದು ನಾನೇ ಸೇರಿಸಿದ್ದು. ನಾನು ಈ ಸಲ ಎಸ್ಸೆಸ್ಸೆಲ್ಸಿ. ಮಾರ್ಚ್ ಹದಿನೆಂಟಕ್ಕೆ ಶುರು. ಇಂಜಿನ್ನಾದ್ರೆ ಆ ದಡಕ್ಕೆ ಅರ್ಧ ಗಂಟೆ. ಹುಟ್ಟು ಹಾಕಿದ್ರೆ ಎರಡು ಗಂಟೆ, ಗಾಳಿ ಎದುರು ಬಂದ್ರೆ ದೇವರೇ ಗತಿ. ಹೋದ ವರ್ಷ ಮೇಲಿನ ಮನೆ ನಿಶಾಂತಣ್ಣ ಗಾಳಿಗೆ ಸಿಕ್ಕಿ ಒಂದು ಪರೀಕ್ಷೆ ತಪ್ಪಿಸ್ಕೊಂಡ. ಈಗ ಮನೇಲೇ ಇದಾನೆ. ನನಗೆ ಓದೋದಕ್ಕಿಂತ ದಾಟೋದೇ ಹೆದರಿಕೆ.)


ಕೋಣಂದೂರು
20 ಡಿಸೆಂಬರ್ 2025

ಅಜ್ಜಾ!!! ಶ್ರಾವ್ಯಾ!!!

ನಿಮ್ಮ ಕಾಗದ ನಾಲ್ಕು ಸಲ ಓದಿದೆ. "ಬಾಯಿ ತೊಳೆಸಿದ ಹಂಗೆ" ಅನ್ನೋದನ್ನ ನಮ್ಮ ಲೆಕ್ಚರರಿಗೆ ಹೇಳಿದೆ, ಅವರು ಬೋರ್ಡ್ ಮೇಲೆ ಬರೆದ್ರು.

ಒಂದು ಸುದ್ದಿ. ಕಾಗದದ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೇಳದೇ ಹಾಕಿದ್ದು ತಪ್ಪು, ಆದ್ರೆ ಖುಷಿ ತಡೆಯೋಕಾಗ್ಲಿಲ್ಲ. ಹತ್ತು ನಿಮಿಷದಲ್ಲಿ ಅರವತ್ತು ಮೆಸೇಜು! ಮಹಾಗಣಪತಿ ಅಣ್ಣ ಬೇರೆ ಗುಂಪುಗಳಿಗೂ ಕಳ್ಸಿದ್ರು. ಯಾರೋ ನಿಮ್ಮ ದೋಣಿ ಚಿತ್ರ ಬಿಡಿಸಿದಾರೆ, ಅದರಲ್ಲಿ ನಿಮಗೆ ಗಡ್ಡ ಇಲ್ಲ. ಎಲ್ಲರೂ ಜಾಗ ಎಲ್ಲಿ, ಮರ ಎಲ್ಲಿ ಅಂತ ಕೇಳ್ತಿದ್ರು. ಕೆರಿಯಮ್ಮನ ಅಂಗಡಿ ಹಿಂದೆ ಅಂತ ಹೇಳಿದೆ. ಬಂದು ನೋಡ್ಲಿ, ಕಲೀಲಿ ಅಂತ. ಹೊಸನಗರದ ಕಾಂತರಾಜ್ ಅಂತ ಒಬ್ಬರು ತಮ್ಮ ಪಂಪ್‌ಸೆಟ್ಟಿಗೂ ಹಾಕಿ ನೋಡ್ತಾರಂತೆ.

ವರ್ಷಾನುಗಟ್ಟಲೆ ಬರೀ ಮಾತಾಡ್ತಿದ್ದ ಗುಂಪು ಈಗ ಏನೋ ಮಾಡೋಕೆ ಹೊರಟಿದೆ. ನಿಮ್ಮಿಂದ.

ಶ್ರಾವ್ಯಾ, ಚೆನ್ನಾಗಿ ಓದು. ಇಂಜಿನ್ ನಿನ್ನ ಕೈ ಬಿಡಲ್ಲ.

ಕುಣೀತಿರೋ
ಸುಪ್ರಿಯಾ


ಕಡವಿನದಿಂಬ
19 ಜನವರಿ 2026

ಸುಪ್ರಿಯಾಗೆ ಆಶೀರ್ವಾದ.

ಸಂಕ್ರಾಂತಿ ಆಯ್ತು. ನೀವೆಲ್ಲ ಆರೋಗ್ಯ ಅಂತ ತಿಳ್ಕೊಂಡಿದೀನಿ. ನಿಮ್ಮ ಗುಂಪಿನವರು ಬಂದಿದ್ರು. ಒಳ್ಳೇ ಹುಡುಗ್ರು. ಮಾತಾಡ್ಸಿದ್ರು. ಇಲ್ಲಿ ಚಳಿ ಜಾಸ್ತಿ. ಮತ್ತೆ ವಿಶೇಷ ಎಂತದೂ ಇಲ್ಲ.

ಇಂತಿ,
ಪುಟ್ಟಪ್ಪ

(ಅಜ್ಜ ಇಷ್ಟೇ ಸಾಕು ಅಂದ್ರು. ನನಗೆ ಸಾಲಲ್ಲ.

ಎರಡು ಪಿಕಪ್ಪಲ್ಲಿ ಬಂದ್ರು ಅಕ್ಕ. ಮೊದಲ ಸಲ ಹದಿನಾಲ್ಕು ಜನ. ಆಮೇಲಿನ ವಾರ ಬೇರೆಯವರು, ನಿಮ್ಮ ಗುಂಪಿನವರೋ ಅಲ್ವೋ ಗೊತ್ತಿಲ್ಲ. ಉದ್ದುದ್ದ ಬಿದಿರ ಗಳ ತಂದಿದ್ರು. ನಾವು ಅಲ್ಲೇ ಕಾಯಿ ಆರಿಸ್ತಿದ್ವಿ. ಅಜ್ಜ ಓಡಿ ಹೋಗಿ, "ಬಡೀಬೇಡ್ರಾ, ಅದು ಬಾವಲೀದು" ಅಂದ್ರು. ಒಬ್ಬ "ಅಜ್ಜ, ನೀವು ನಮ್ಮ ಹೀರೋ" ಅಂತ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸ್ಕೊಂಡ. ಹಿಂದೆ ಇನ್ನೊಬ್ಬ ಬಡೀತಾನೇ ಇದ್ದ. ಹಸಿ ಕಾಯಿ, ಎಲೆ, ಹೂವು ಎಲ್ಲ ಉದುರಿತು. ಕೈಗೆ ಸಿಗದ ಕೊಂಬೆ ಕಡಿದ್ರು. ಹಗಲು ಹೊತ್ತಲ್ಲೇ ಬಾವಲಿಗಳು ಎದ್ದು ಹಿನ್ನೀರ ಮೇಲೆ ಸುತ್ತೀ ಸುತ್ತೀ ಹೋದ್ವು. ವಾಪಸ್ ಬಂದಿಲ್ಲ.

ಈ ವರ್ಷ ನಮಗೆ ಸಿಕ್ಕಿದ್ದು ಒಂದು ಡಬ್ಬ. ಒಂದೇ. ನನಗೆ ಆರು ಪರೀಕ್ಷೆ.)


ಕೋಣಂದೂರು
3 ಫೆಬ್ರವರಿ 2026

ಅಜ್ಜ,

ಏನು ಬರೀಬೇಕು ಗೊತ್ತಾಗ್ತಿಲ್ಲ. ಚಾಟಲ್ಲಾದ್ರೆ ಬರೆದು ಅಳಿಸಿ ಬರೆದು ಅಳಿಸಿ ಮಾಡಬಹುದು. ಇಲ್ಲಿ ಹೊಡೆದು ಹಾಕಿದ್ದೆಲ್ಲ ನಿಮಗೆ ಕಾಣತ್ತೆ. ಕಾಣ್ಲಿ.

ಗುಂಪಲ್ಲಿ ಬೈದೆ. ಮಹಾಗಣಪತಿ ಅಣ್ಣ, "ನಾವು ಕದ್ದಿಲ್ಲ, ರಸ್ತೆ ಬದಿ ಮರ, ನೀನೇ ತಾನೇ ಜಾಗ ಹೇಳಿದ್ದು" ಅಂದ್ರು. ಹೌದು, ನಾನೇ.

ಬೈದು ಬೈದು ಒಂದು ಕೆಲಸ ಮಾಡ್ಸಿದೆ. ಅವರು ತೆಗೆಸಿದ ಎಣ್ಣೆಯಲ್ಲಿ ಎರಡು ಕ್ಯಾನ್ ವಾಪಸ್ ಇಸ್ಕೊಂಡೆ. ನಿಮ್ಮ ಮರದ್ದೇ. ಸಾಗರದ ಬಸ್ಸಲ್ಲಿ ಹಾಕಿದೀನಿ, ಕೆರಿಯಮ್ಮನ ಅಂಗಡಿಗೆ ಬರತ್ತೆ. ಶ್ರಾವ್ಯಾಳ ಪರೀಕ್ಷೆಗೆ ಧಾರಾಳ ಆಗತ್ತೆ. ತಲುಪಿದ ಕೂಡಲೇ ಒಂದು ಸಾಲು ಬರೀರಿ, ದಯವಿಟ್ಟು.

ಸುಪ್ರಿಯಾ


ಕೋಣಂದೂರು
13 ಮಾರ್ಚ್ 2026
ಸ್ಪೀಡ್ ಪೋಸ್ಟ್

ಅಜ್ಜ, ಶ್ರಾವ್ಯಾ,

ಮೊದಲು ಇದನ್ನ ಓದಿ: ಆ ಎರಡು ಕ್ಯಾನ್ ಎಣ್ಣೆ ಇಂಜಿನ್ನಿಗೆ ಹಾಕಬೇಡಿ.

ನೀವು ಬರೀಲಿಲ್ಲ. ಕೋಪ ಇರತ್ತೆ ಅಂತ ನಾನೂ ಸುಮ್ನಿದ್ದೆ. ಇವತ್ತು ಬೆಳಿಗ್ಗೆ ಹೊಸನಗರದ ಕಾಂತರಾಜ್ ಗುಂಪಲ್ಲಿ ಒಂದು ವಿಡಿಯೋ ಹಾಕಿದ್ರು. ಅವರ ಪಂಪ್‌ಸೆಟ್ ನಿಂತು ಹೋಗಿದೆ. ಬಿಚ್ಚಿ ನೋಡಿದ್ರೆ ಒಳಗೆಲ್ಲ ಹಲಸಿನ ಮೇಣದ ಹಂಗೆ ಅಂಟು. ಅದೇ ಎಣ್ಣೆ. ನಮ್ಮ ಲೆಕ್ಚರರಿಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದ್ರು, "ಕಾಯಿ ಬಲಿತಿತ್ತಾ?" ಹಸಿ ಕಾಯಿ ಹಿಂಡಿದ್ರೆ ಅಂಟು ಜಾಸ್ತಿ ಬರತ್ತಂತೆ, ಹುಳಿನೂ ಜಾಸ್ತಿ, ಇಂಜಿನ್ ಒಳಗೆ ಸುಟ್ಟು ಗಟ್ಟಿಯಾಗತ್ತಂತೆ. ಬಾವಲಿ ಹಸಿ ಕಾಯಿ ಮುಟ್ಟಲ್ಲ. ಅದು ಬಿಟ್ಟಿದ್ದೆಲ್ಲ ಬಲಿತಿದ್ದೇ. ನಿಮ್ಮಪ್ಪ ಯಾಕೆ ಅಂತ ಹೇಳದೇ ಹೋಗಿದ್ದು ಇದನ್ನೇ.

ಇನ್ನೊಂದು ಹೇಳ್ಬೇಕು. ಮೂರು ತಿಂಗಳಿಂದ ಹೊಟ್ಟೇಲಿ ಇಟ್ಕೊಂಡಿದೀನಿ. ನಿಮ್ಮ ಕಾಗದದ ಫೋಟೋ ಹಾಕುವಾಗ ಬಾವಲಿ ಸಾಲುಗಳನ್ನ ಕತ್ತರಿಸಿ ಹಾಕಿದ್ದೆ. ಎಲ್ಲರೂ ನಗ್ತಾರೆ, ಅಜ್ಜೀ ಕಥೆ ಅಂತಾರೆ, ನಿಮ್ಮನ್ನ ಹಗುರ ಮಾಡ್ತಾರೆ ಅಂತ. ನಿಮ್ಮ ಮರ್ಯಾದೆ ಉಳಿಸ್ತಿದೀನಿ ಅಂದ್ಕೊಂಡಿದ್ದೆ. ಗಳ ಹಿಡ್ಕೊಂಡು ಹೊರಡೋ ಮುಂಚೆ ಬಂದವರಿಗೆ ಆ ಮಾತು ಗೊತ್ತೇ ಇರ್ಲಿಲ್ಲ ಅಜ್ಜ.

ಪರೀಕ್ಷೆಗೆ ಇನ್ನು ಐದು ದಿನ. ನಡು ನೀರಲ್ಲಿ ಇಂಜಿನ್ ನಿಂತ್ರೆ? ಹಾಕಬೇಡಿ. ಹಾಕಬೇಡಿ. ಹಾಕಬೇಡಿ.

ಸುಪ್ರಿಯಾ


ಕೆರಿಯಮ್ಮನ ಅಂಗಡಿ, ದಡ
22 ಮಾರ್ಚ್ 2026, ಭಾನುವಾರ

ಶ್ರಾವ್ಯಾ,

ಇರೋಕಾಗ್ದೇ ಬಂದೆ. ಟೆಸ್ಟ್ ಇತ್ತು ನಿನ್ನೆ ತನಕ, ಇಲ್ಲಾಂದ್ರೆ ಮೊದಲೇ ಬರ್ತಿದ್ದೆ. ಬೆಳಿಗ್ಗೆ ಐದಕ್ಕೆ ಹೊರಟೆ, ಮೂರು ಬಸ್ಸು. ಹೊಸ ಫಿಲ್ಟರ್ ತಂದಿದೀನಿ. ಅಪ್ಪ ಆಟೋ ಟ್ಯಾಂಕಿಂದ ಐದು ಲೀಟರ್ ಡೀಸೆಲ್ ಇಳಿಸಿ ಕೊಟ್ರು.

ದೋಣಿ ಈ ಕಡೆ ಇಲ್ಲ. ಎಷ್ಟು ಕೂಗಿದ್ರೂ ಕೇಳ್ಸಲ್ಲ ಅಂತ ಕೆರಿಯಮ್ಮ. ನೀರು ಸುಮಾರು ಇಳಿದಿದೆ, ಕೆಸರಲ್ಲಿ ಮೊಣಕಾಲ ತನಕ ಹೋಗಿ ನಿಂತು ಕೂಗಿದೆ.

ಸ್ಪೀಡ್ ಪೋಸ್ಟ್ ಬಂತಾ ಅಂತ ಕೆರಿಯಮ್ಮನ್ನ ಕೇಳ್ದೆ. ಪೋಸ್ಟಿನ ದುರ್ಗೇಶ್ ತಂದು ಕೊಟ್ರು, ದಾಟಿಸಿದೀನಿ ಅಂದ್ರು. ಯಾವತ್ತು ಅಂದ್ರೆ ನೆನಪಿಲ್ಲ. ಹದಿನೆಂಟರ ಮುಂಚೆನಾ ಆಮೇಲಾ ಅಂದ್ರೆ, "ಅಯ್ಯೋ ಮಾರಾಯ್ತಿ, ನಾನೆಂತ ಪರೀಕ್ಷೆ ಬರೀತಿದೀನಾ?" ಅಂದ್ರು. ಕ್ಯಾನ್? "ಅದು ಫೆಬ್ರವರೀಲೇ ತಗೊಂಡು ಹೋದ." ಇಂಜಿನ್ ಓಡ್ತಿದ್ಯಾ? ಅದಕ್ಕೆ ಅವರು ಹೇಳಿದ್ರು, "ಜನವರಿಯಿಂದ ಸದ್ದೇ ಕೇಳ್ಸಲ್ಲ. ಹುಟ್ಟು ಹಾಕ್ಕೊಂಡೇ ಬರ್ತಾರೆ. ಮೊನ್ನೆ ಬುಧವಾರ ಟಕಟಕ ಅಂದಿತ್ತಪ್ಪ. ಆಮೇಲೆ ಇಲ್ಲ."

ಬುಧವಾರ ನಿನ್ನ ಮೊದಲ ಪರೀಕ್ಷೆ. ಆಮೇಲೆ ಇಲ್ಲ ಅಂದ್ರೆ?

ಅಂಗಡಿ ಹಿಂದೆ ಹೋಗಿ ಮರ ನೋಡಿದೆ. ಮುರಿದ ಕೊಂಬೆಗಳು ಹಂಗೇ ನೇತಾಡ್ತಿದಾವೆ. ಎಣಿಸೋಕೆ ಶುರು ಮಾಡಿ ನಿಲ್ಲಿಸಿದೆ.

ಕೊನೇ ಬಸ್ಸು ಬಂತು. ಫಿಲ್ಟರ್, ಡೀಸೆಲ್, ಈ ಚೀಟಿ ಕೆರಿಯಮ್ಮನ ಹತ್ರ ಇಟ್ಟಿದೀನಿ. ಒಂದು ಸಾಲು. ಒಂದೇ ಸಾಲು ಬರಿ.

ಸುಪ್ರಿಯಾ


ಕಡವಿನದಿಂಬ
5 ಏಪ್ರಿಲ್ 2026

ಸುಪ್ರಿಯಕ್ಕನಿಗೆ,

ಆರೂ ಪರೀಕ್ಷೆ ಬರೆದೆ. ಎಲ್ಲದಕ್ಕೂ ಬೆಲ್ ಹೊಡೆಯೋ ಮುಂಚೆ ಒಳಗಿದ್ದೆ. ಇದನ್ನ ಮೊದಲು ಬರೀ ಅಂತ ಅಜ್ಜ ಹೇಳಿದ್ರು, ಅದಕ್ಕೆ ಬರೆದೆ.

ಇಷ್ಟು ದಿನ ಬರೆಯದೇ ಇದ್ದಿದ್ದು ಓದೋಕಿತ್ತು ಅಂತಲ್ಲ. ನಿಮ್ಮ ಮೇಲೆ ಸಿಟ್ಟಿತ್ತು. ಅಜ್ಜ ಎರಡು ಸಲ ಕೂತ್ಕೋ, ಬರಿ ಅಂದ್ರು. ಪೆನ್ನಿಲ್ಲ ಅಂದೆ. ಮುಂದೆ ನೋಡಿದ್ರೆ ಮೂರು ಪೆನ್ನಿತ್ತು.

ನಿಮ್ಮ ಕ್ಯಾನ್ ಬಂದ ದಿನವೇ ಅಜ್ಜ ಮುಚ್ಚಳ ತೆಗೆದು ಮೂಸಿದ್ರು. ಎರಡು ಬೆರಳಿಗೆ ಹಚ್ಚಿ ತಿಕ್ಕಿದ್ರು. "ಪಾಪ, ಹುಡುಗಿ ಎಷ್ಟು ದೂರದಿಂದ ಕಳ್ಸಿದಾಳೆ" ಅಂದ್ರು. ಮಾರನೇ ದಿನ ದೋಣಿ ಕವುಚಿ ಹಾಕಿ ಎಣ್ಣೆ ಪೂರ್ತಿ ಹಲಗೆಗೆ ಬಳಿದ್ರು. "ಅಂಟೆಣ್ಣೆ ಇಂಜಿನ್ನಿಗೆ ವಿಷ, ಮರಕ್ಕೆ ಮದ್ದು" ಅಂದ್ರು. ಈಗ ದೋಣಿ ಹೊಸದರ ಹಂಗೆ ಹೊಳೀತಿದೆ. ನಿಮ್ಮ ಸ್ಪೀಡ್ ಪೋಸ್ಟ್ ಬಂದಾಗ ಅಜ್ಜ ಓದಿ, "ಇವಳು ಊಟ ಬಿಟ್ಟಿರ್ತಾಳೆ, ಬೇಗ ಬರಿ" ಅಂದ್ರು. ನಾನು ಆಗ್ಲೂ ಬರೀಲಿಲ್ಲ. ನೀವು ಬಂದು ಕೆಸರಲ್ಲಿ ನಿಂತು ಕೂಗಿದ್ರಿ ಅಂತ ಕೆರಿಯಮ್ಮ ಹೇಳಿದ ಮೇಲೆ ಬೇಜಾರಾಯ್ತು.

ಇದ್ದ ಒಂದು ಡಬ್ಬ ಎಣ್ಣೇನ ಅಜ್ಜ ಜನವರಿಯಲ್ಲೇ ಭತ್ತ ತುಂಬೋ ಪಣತದ ಮೇಲೆ ಎತ್ತಿಟ್ಟಿದ್ರು. ಪರೀಕ್ಷೆ ದಿನ ಬಿಟ್ಟು ಇಂಜಿನ್ ಮುಟ್ಟಬಾರ್ದು ಅಂತ ಹನ್ನೊಂದು ಮನೆಗೂ ಹೇಳಿದ್ರು. ಎಲ್ಲರೂ ಒಪ್ಪಿದ್ರು. ರೇಷನ್ನಿಗೂ ಹುಟ್ಟು, ಆಸ್ಪತ್ರೆಗೂ ಹುಟ್ಟು. ಚಿಕ್ಕ ಮಕ್ಕಳು ಎಷ್ಟೋ ದಿನ ಎರಡನೇ ಪೀರಿಯಡ್ಡಿಗೆ ಶಾಲೆ ಮುಟ್ಟಿದ್ರು. ಪರೀಕ್ಷೆ ದಿನ ಮಾತ್ರ ನಿಶಾಂತಣ್ಣ ಮುಂದೆ ಕೂತು ದಾರಿ ನೋಡೋದು, ಅಜ್ಜ ಇಂಜಿನ್ ಹತ್ರ, ನಾನು ನಡುವೆ ಪುಸ್ತಕ ಹಿಡ್ಕೊಂಡು. ಒಂದಕ್ಷರ ತಲೆಗೆ ಹೋಗ್ತಿರ್ಲಿಲ್ಲ. ಸದ್ದು ಕೇಳೋದೇ ಕೆಲಸ. ಸದ್ದು ಒಂಚೂರು ಬದಲಾದ್ರೆ ಮೂರೂ ಜನ ಮುಖ ಮುಖ ನೋಡೋದು.

ನಿಮ್ಮ ಐದು ಲೀಟರ್ ಡೀಸೆಲ್ ಇಲ್ದಿದ್ರೆ ಕೊನೇ ಎರಡು ಪರೀಕ್ಷೆಗೆ ಇಂಜಿನ್ ಶುರುವೇ ಆಗ್ತಿರ್ಲಿಲ್ಲ. ನಿಮ್ಮಪ್ಪನಿಗೆ ಹೇಳಿ. ಕೊನೇ ಪರೀಕ್ಷೆ ಮುಗಿಸಿ ಬರುವಾಗ ನಡು ನೀರಲ್ಲಿ ಇಂಜಿನ್ ತಾನೇ ನಿಂತಿತು. ಎಣ್ಣೆ ಮುಗಿದಿತ್ತು. ಅಜ್ಜ ಬಗ್ಗಿ ಟ್ಯಾಂಕ್ ನೋಡಿ, "ಪಾಪ, ಇಷ್ಟು ದಿನ ತಡ್ಕೊಂಡಿತ್ತು" ಅಂದ್ರು. ಹುಟ್ಟು ಹಾಕ್ಕೊಂಡು ಬಂದ್ವಿ.

ನಾನೇನೋ ಮುಂದೆ ಹಾಸ್ಟೆಲಿಗೆ ಹೋಗ್ತೀನಿ. ಐದು ಮಕ್ಕಳು ಇದಾರೆ ಅಕ್ಕ. ಶಾಲೆ ಶುರುವಾಗೋ ಹೊತ್ತಿಗೆ ಮಳೆ, ಗಾಳಿ. ಬಾವಲಿ ಇನ್ನೂ ಬಂದಿಲ್ಲ. ಅಜ್ಜ ದಿನಾ ಸಂಜೆ ಒಬ್ಬರೇ ಆ ದಡಕ್ಕೆ ಹೋಗಿ ಮರದ ಕೆಳಗೆ ಕೂತು ಬರ್ತಾರೆ.

ನಿಮಗೆ ಹೇಳೋಕೆ ಅಜ್ಜ ಒಂದೇ ಮಾತು ಹೇಳಿದಾರೆ. "ಬಿಟ್ಟಿದ್ದ ಸಾಲನ್ನ ಹಾಕು. ನಗೋರು ನಗ್ಲಿ. ಆವತ್ತೇ ನಕ್ಕಿದ್ರೆ ಮರ ಉಳೀತಿತ್ತು."

ಶ್ರಾವ್ಯಾ

(ಕವರಲ್ಲಿ ಒಂದು ಕಾಯಿ ಇದೆ. ಎಲೆ ಕೆಳಗೆ ಅಜ್ಜನಿಗೆ ಸಿಕ್ಕಿದ್ದು. ಬದೀಲಿ ಗೀರು ಇದೆಯಲ್ಲ, ಅದು ಹಲ್ಲು.)


ಕೋಣಂದೂರು
26 ಏಪ್ರಿಲ್ 2026

ಪುಟ್ಟಪ್ಪಜ್ಜನಿಗೆ, ಶ್ರಾವ್ಯಾಗೆ,

ಹಾಕಿದೆ.

ಪೂರ್ತಿ ಕಾಗದದ ಫೋಟೋ, ಏನೂ ಕತ್ತರಿಸದೆ. ಕೆಳಗೆ ನಾನು ಮಾಡಿದ್ದನ್ನೂ ಬರೆದೆ. ಎಲ್ಲರ ಹೆಸರ ಮುಂದೆಯೂ ಓದಿದಾರೆ ಅಂತ ತೋರಿಸ್ತು. ಅರ್ಧ ಗಂಟೆ ಯಾರೂ ಮಾತಾಡ್ಲಿಲ್ಲ. ನಮ್ಮ ಗುಂಪಲ್ಲಿ ಅರ್ಧ ಗಂಟೆ ಸುಮ್ನಿರೋದು ಅಂದ್ರೆ ಯಾರೋ ತೀರ್ಕೊಂಡ ಹಂಗೆ.

ಆಮೇಲೆ ಇಬ್ಬರು ನಕ್ಕರು. ಮೂವರು ಗುಂಪು ಬಿಟ್ಟು ಹೋದ್ರು. ಮಹಾಗಣಪತಿ ಅಣ್ಣ ನನಗೆ ಬೇರೆಯಾಗಿ ಫೋನ್ ಮಾಡಿ, "ನಾನು ಆವತ್ತು ಅಜ್ಜನ ಪಕ್ಕದಲ್ಲೇ ನಿಂತಿದ್ದೆ ಕಣೇ. ಕೇಳಿಸ್ತು. ಕೇಳಿಸ್ದೇ ಇರೋರ ಹಂಗೆ ಇದ್ದೆ" ಅಂದ್ರು. ಮಳೆಗಾಲ ಮುಗಿಯೋ ತನಕ ಶಾಲೆ ಮಕ್ಕಳಿಗೆ ತಿಂಗಳಿಗೊಮ್ಮೆ ಡೀಸೆಲ್ ತಂದು ಕೊಡ್ತೀವಿ ಅಂದಿದಾರೆ. ಅವರು ಮರೆತ್ರೂ ಅಪ್ಪ ಮರೆಯಲ್ಲ. ಆದ್ರೆ ಅಜ್ಜ, ಡೀಸೆಲ್ ಬಿಡೋಣ ಅಂತ ಶುರು ಮಾಡಿದ್ದು ನಾವು. ನಿಮ್ಮನ್ನ ಡೀಸೆಲ್ಲಿಗೆ ತಂದು ನಿಲ್ಲಿಸಿದ್ವಿ.

ಕಾಂತರಾಜ್ ಮೆಸೇಜ್ ಹಾಕಿದಾರೆ. ಅದು ಹೀಗಿದೆ: "ಹಾಗಾದ್ರೆ ಬಾವಲಿ ಎಲ್ಲಿ ಸಿಗ್ತವೆ? ಸಾಕೋಕೆ ಬರತ್ತಾ? ಯಾರಿಗಾದ್ರೂ ಗೊತ್ತಿದ್ರೆ ಲಿಂಕ್ ಹಾಕಿ." ಕೆಳಗೆ ಹದಿನೇಳು ಹೆಬ್ಬೆರಳು.

ಅದನ್ನ ನೋಡಿ ಆ ಫೋಟೋ ಅಳಿಸಿ, ನಿಮ್ಮ ಊರಿನ ಹೆಸರು, ಅಂಗಡಿ ಹೆಸರು ಮುಚ್ಚಿ ಮತ್ತೆ ಹಾಕಿದೆ. ಆದ್ರೆ ಅಳಿಸೋ ಮುಂಚೆ ಎಷ್ಟು ಜನ ಅದನ್ನ ಇಟ್ಕೊಂಡಿದಾರೋ ನನಗೆ ಗೊತ್ತಾಗಲ್ಲ.

ಕಾಯಿನ ಹಳೇ ಪೇಂಟ್ ಡಬ್ಬದಲ್ಲಿ ಹಾಕಿದೀನಿ. ಮೊಳಕೆ ಬಂದಿಲ್ಲ. ಬಂದ್ರೂ ಕಾಯಿ ಬಿಡೋಕೆ ಏಳೆಂಟು ವರ್ಷ ಅಂತೆ. ದಿನಾ ಬೆಳಿಗ್ಗೆ ಹಲ್ಲುಜ್ಜೋ ಮುಂಚೆ ನೋಡ್ತೀನಿ.

ಮಾಗಿಗೆ ಬರ್ತೀನಿ ಅಜ್ಜ. ಬುಟ್ಟಿ ತರ್ತೀನಿ. ಏನೂ ಬಿದ್ದಿರದಿದ್ರೆ ಖಾಲಿ ಬುಟ್ಟಿ ಇಟ್ಕೊಂಡು ನಿಮ್ಮ ಪಕ್ಕದಲ್ಲಿ ಕೂರ್ತೀನಿ.

ಈ ಸಲ ಒಂದೇ ಪ್ರಶ್ನೆ. ಬಾವಲಿ ಬಂದ್ವಾ?

ಸುಪ್ರಿಯಾ